ತಟ್ಟೆಯ ಮುಂದೆ ಕುಳಿತು ಕಲಿಯುವ ಚಿಕಿತ್ಸೆ

ಊಟ ಬಿಟ್ಟು ಸೊರಗುವ ಯುವತಿಯರ ಕಾಯಿಲೆಯನ್ನು 1873ರಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಬೇರೆ ಬೇರೆಯಾಗಿಯೇ ಗುರುತಿಸಿದರು. ಗಲ್ ಇಟ್ಟ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಇಂದಿಗೂ ನಿಂತಿದೆ. ಇಂಥ ರೋಗಿಗಳ ಆರೈಕೆಗೆ ಬಂಧುಬಳಗದವರು ತಕ್ಕವರಲ್ಲ ಎಂಬ ಅವರ ಅಭಿಪ್ರಾಯವೂ ಬಹುಕಾಲ ನಿಂತಿತು.

ಒಮ್ಮೆಗೇ ಮಿತಿಮೀರಿ ತಿಂದು, ಆಮೇಲೆ ವಾಂತಿ ಮಾಡಿಕೊಳ್ಳುವ ‘ಬುಲಿಮಿಯಾ ನರ್ವೋಸಾ’ಕ್ಕೆ ಹೆಸರು ಸಿಕ್ಕಿದ್ದು 1979ರಲ್ಲಿ, ಜೆರಾಲ್ಡ್ ರಸೆಲ್ 30 ರೋಗಿಗಳನ್ನು ಕುರಿತು ಬರೆದ ಪ್ರಬಂಧದಿಂದ. ಅಲ್ಲಿಂದಾಚೆ ಈ ಕ್ಷೇತ್ರ ವೇಗವಾಗಿ ಬೆಳೆಯಿತು. 1981ರಲ್ಲಿ ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆ ಶುರುವಾಯಿತು. 1993ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಅಕಾಡೆಮಿ ಫಾರ್ ಈಟಿಂಗ್ ಡಿಸಾರ್ಡರ್ಸ್’ ವೈದ್ಯರನ್ನೂ ಸಂಶೋಧಕರನ್ನೂ ಒಂದೆಡೆ ತಂದಿತು.

ಗಲ್ ಅವರ ಮಾತನ್ನು ಮಗುಚಿಹಾಕಿದ್ದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ತಂಡ. ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಶುರುವಾಗಿ ಹೆಚ್ಚು ಕಾಲ ಆಗಿರದವರಿಗೆ ಮನೆಯವರನ್ನು ಸೇರಿಸಿಕೊಂಡ ಚಿಕಿತ್ಸೆಯೇ ಮೇಲು ಎಂದು 1987ರ ಅಧ್ಯಯನದಲ್ಲಿ ಕಂಡಿತು. 2001ರಲ್ಲಿ ಜೇಮ್ಸ್ ಲಾಕ್, ಡೇನಿಯಲ್ ಲ ಗ್ರಾಂಜ್ ಮತ್ತು ಸಂಗಡಿಗರು ಈ ವಿಧಾನವನ್ನು ಕೈಪಿಡಿಯಾಗಿಸಿದ ಮೇಲೆ ಅದನ್ನು ದೂರದ ಊರಿನವರಿಗೂ ಕಲಿಸಲು ಸಾಧ್ಯವಾಯಿತು.

ಆ ಕೈಪಿಡಿಯ ಎರಡನೆಯ ಭೇಟಿಯಲ್ಲಿ ತಂದೆತಾಯಿ ಮನೆಯಿಂದ ಊಟ ತರುತ್ತಾರೆ. ಚಿಕಿತ್ಸಕರು ಪಕ್ಕದಲ್ಲೇ ಕುಳಿತಿದ್ದರೂ ತುತ್ತು ಕೊಡುವುದಿಲ್ಲ. ಮಗಳು ತಾನು ಎಣಿಸಿದ್ದಕ್ಕಿಂತ ಒಂದು ತುತ್ತು ಹೆಚ್ಚು ತಿನ್ನುವಂತೆ ಹೆತ್ತವರೇ ಮಾಡಲು ಬೆಂಬಲ ಕೊಡುತ್ತಾರೆ. ಅವಳು ಅಳುವಾಗ, ತಾಯಿ ಕೈಚೆಲ್ಲುವಾಗ ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಪುಸ್ತಕ ಓದಿದ ಮಾತ್ರಕ್ಕೆ ಬರುವುದಿಲ್ಲ. ಅನುಭವಿಗಳ ಕಣ್ಗಾವಲಿನಲ್ಲಿ ಮತ್ತೆ ಮತ್ತೆ ಮಾಡಿಯೇ ಕಲಿಯಬೇಕು.

ದೇಹದ ಅಪಾಯವನ್ನು ಅಳೆಯುವುದೂ ಹಾಗೆಯೇ ಕಲಿಯಬೇಕಾದ ವಿದ್ಯೆ. ಬಹಳ ದಿನ ಉಪವಾಸವಿದ್ದವರಿಗೆ ಊಟ ಮರಳಿ ಶುರುಮಾಡಿದಾಗ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಕುಕ್ಕರಗಾಲಲ್ಲಿ ಕೂತ ರೋಗಿ ಕೈ ಊರದೆ ಏಳಬಲ್ಲಳೇ ಎಂಬ ಸರಳ ಪರೀಕ್ಷೆ ಸ್ನಾಯುಗಳ ಬಲ ಎಷ್ಟು ಉಳಿದಿದೆ ಎಂದು ತೋರಿಸುತ್ತದೆ. ಇದಕ್ಕೆ ಯಂತ್ರ ಬೇಡ, ತಿಳಿದ ಕಣ್ಣು ಬೇಕು.

ಆ ಕಣ್ಣು ಎಷ್ಟು ವಿರಳವೆಂದು ಬ್ರಿಟನ್ನಿನಲ್ಲಿ ಬಯಲಾಯಿತು. ಅನೊರೆಕ್ಸಿಯಾದಿಂದ 2012ರಲ್ಲಿ ತೀರಿಕೊಂಡ 19ರ ವಿದ್ಯಾರ್ಥಿನಿಯೊಬ್ಬಳ ಪ್ರಕರಣವನ್ನು ತನಿಖೆ ಮಾಡಿದ ಅಲ್ಲಿನ ಆರೋಗ್ಯ ಓಂಬುಡ್ಸ್‌ಮನ್, ವೈದ್ಯರ ತರಬೇತಿಯ ಕೊರತೆಯನ್ನು 2017ರ ವರದಿಯಲ್ಲಿ ಎತ್ತಿ ತೋರಿಸಿದರು. ವೈದ್ಯ ಶಿಕ್ಷಣದ ಅಷ್ಟೂ ವರ್ಷಗಳಲ್ಲಿ ಈ ಕಾಯಿಲೆಗಳಿಗೆ ಸಿಗುತ್ತಿದ್ದುದು ಸರಾಸರಿ 2 ಗಂಟೆಗೂ ಕಡಿಮೆ ಪಾಠ ಎಂದು 2018ರ ಅಧ್ಯಯನ ಹೇಳಿತು. 2022ರಲ್ಲಿ ಮನೋವೈದ್ಯರ ರಾಯಲ್ ಕಾಲೇಜು ತುರ್ತು ಸಂದರ್ಭಗಳಿಗಾಗಿ ಹೊಸ ಮಾರ್ಗಸೂಚಿ ಹೊರಡಿಸಿತು.

ಇದೆಲ್ಲ ದೂರದ ಮಾತಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬೆಂಗಳೂರಿನ 66 ಮನೋವೈದ್ಯರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಆದರೆ ಸೊರಗಿದ ಹುಡುಗಿಯನ್ನು ಮನೆಯವರು ಮೊದಲು ಕರೆದೊಯ್ಯುವುದು ಮನೋವೈದ್ಯರ ಬಳಿಗಲ್ಲ, ಬಡಾವಣೆಯ ಡಾಕ್ಟರ ಹತ್ತಿರ. ನಮ್ಮ ವೈದ್ಯಕೀಯ ಕಾಲೇಜುಗಳು, ನರ್ಸಿಂಗ್ ಶಾಲೆಗಳು ಈ ತರಬೇತಿಯನ್ನು ಅಲ್ಲಿಂದಲೇ ಶುರುಮಾಡಲಿ.