ಗಸ್ತಿನವನ ಕೈದೀಪ

ಕಳೆದ ಮಳೆಗಾಲದ ಒಂದು ರಾತ್ರಿ ವಡಾಲದಲ್ಲಿ ನಮ್ಮ ಕಟ್ಟಡಗಳ ಕಾವಲುಗಾರ ತೆರೆದ ಗಟಾರಕ್ಕೆ ಕಾಲಿಟ್ಟು ಬಿದ್ದು ಮುಂಗೈ ಮುರಿದುಕೊಂಡ. ಅವನ ಕೈಯಲ್ಲಿ ಟಾರ್ಚಿತ್ತು, ಆದರೆ ಟಾರ್ಚಿನಲ್ಲಿ ಬೆಳಕಿರಲಿಲ್ಲ. ಆ ಟಾರ್ಚನ್ನು ಕೊಂಡವರು ನಾವೇ. ಸಮಿತಿಯ ಪರವಾಗಿ ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿ, ಹೋಲಿಕೆಯ ತಖ್ತೆ ಬರೆದು, ಎಲ್ಲಕ್ಕಿಂತ ಕಡಿಮೆ ದರದ್ದಕ್ಕೆ ಸಹಿ ಹಾಕಿದ್ದೆವು. ಕೇಂದ್ರ ಸರಕಾರದ ಕಚೇರಿಯಲ್ಲಿ ಎರಡು ದಶಕಗಳಿಂದ ಮಾಡುತ್ತ ಬಂದದ್ದೂ ಅದೇ ಕೆಲಸ. ಫೈಲಿನಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಾರದು.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ ಅವನು ಕಲಬುರಗಿ ಕಡೆಯವನು. "ಬ್ಯಾಟ್ರಿ ಛಲೋ ಇತ್ತಂದ್ರ ಗಟಾರ ಕಾಣ್ತಿತ್ರಿ ಸಾಹೇಬ್ರ" ಎಂದಷ್ಟೇ ಹೇಳಿದ. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು. ಅಂದಿನಿಂದ ರಾತ್ರಿ ಗಸ್ತಿನವನ ಕೈಯ ದೀಪ ಎಲ್ಲಿಂದ ಬಂತು, ಹೇಗೆ ಬಂತು, ಅದರಲ್ಲಿ ಒಳ್ಳೆಯದು ಯಾವುದು ಎಂದು ಹುಡುಕುತ್ತ ಹೋದೆವು. ಬಿ.ಎಸ್ಸಿ.ಯಲ್ಲಿ ಓದಿ ಮರೆತ ಭೌತಶಾಸ್ತ್ರವೂ ಅಲ್ಲಲ್ಲಿ ಉಪಯೋಗಕ್ಕೆ ಬಂತು.

ವಡಾಲದ ಚರಿತ್ರೆ ಎಂದರೆ ಎಲ್ಲರೂ 1930ರ ಉಪ್ಪಿನ ಸತ್ಯಾಗ್ರಹವನ್ನು ನೆನೆಯುತ್ತಾರೆ. ಸಾವಿರಾರು ಜನ ಇಲ್ಲಿಯ ಉಪ್ಪಿನ ಆಗರಗಳಿಗೆ ನುಗ್ಗಿ ಹಿಡಿ ಉಪ್ಪು ತಂದದ್ದನ್ನು ಪುಸ್ತಕಗಳು ಬರೆದಿವೆ. ಅದೇ ಆಗರಗಳ ಬದಿಯಲ್ಲಿ ರಾತ್ರಿಯಿಡೀ ನಡೆದಾಡಿದ ಪಹರೆಯವನ ಬಗ್ಗೆ ಬರೆದವರು ಕಡಿಮೆ. ಆದರೆ ಮುಂಬಯಿಯಲ್ಲಿ ಅವನ ಕೆಲಸ ಬಹಳ ಹಳೆಯದು. 17ನೆಯ ಶತಮಾನದಲ್ಲಿ ಗವರ್ನರ್ ಜೆರಾಲ್ಡ್ ಆಂಗಿಯರನ ಕಾಲದಲ್ಲಿ ಭಂಡಾರಿ ಜನರ ದಳವೊಂದು ಈ ದ್ವೀಪದ ಕಾವಲಿಗೆ ನಿಂತಿತು; ಇಲ್ಲಿಯ ಪೊಲೀಸರ ವಂಶವೃಕ್ಷ ಅಲ್ಲಿಂದಲೇ ಆರಂಭವಾಗುತ್ತದೆ. ಊರಿನಲ್ಲಿ ನಮಗೆ ತಳವಾರನಿದ್ದಂತೆ ಇಲ್ಲಿ ಭಂಡಾರಿ. 1864ರಲ್ಲಿ ಸರ್ ಫ್ರಾಂಕ್ ಸೌಟರ್ ಮೊದಲ ಪೊಲೀಸ್ ಕಮಿಶನರನಾದ. ಮರುವರ್ಷ, 1865ರಲ್ಲಿ, ಕೋಟೆಯ ಕಡೆಯ ಬೀದಿಗಳಲ್ಲಿ ಗ್ಯಾಸಿನ ದೀಪ ಹೊತ್ತಿತು. ವಡಾಲ, ಸಯನ್‌ಗಳು ಆಗ ಊರ ಹೊರಗಿನ ಹಳ್ಳಿಗಳು. ಅಲ್ಲಿ ಚಂದ್ರನೇ ಮುನಸಿಪಾಲಿಟಿ. ಪ್ಲೇಗಿನ ನಂತರ 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್-ಮಾಟುಂಗಾ-ವಡಾಲ ಬಡಾವಣೆಗಳ ನಕ್ಷೆ ಬರೆದ ಮೇಲೆಯೇ ಈ ಕಡೆಗೆ ರಸ್ತೆ, ದೀಪಗಳು ಒಂದೊಂದಾಗಿ ಬಂದದ್ದು.

ವಿದ್ಯುತ್ತಿನದೂ ಒಂದು ತಮಾಷೆಯ ಕಥೆಯಿದೆ. 1882ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿಗೆ ವಿದ್ಯುದ್ದೀಪ ಬಂತು. ಒಪ್ಪಂದ ಮಾಡಿಕೊಂಡ ಕಂಪನಿ ಮರುವರ್ಷವೇ ದಿವಾಳಿಯೆದ್ದಿತು. ಮಾರ್ಕೆಟ್ಟು ಮತ್ತೆ ಗ್ಯಾಸಿಗೆ ಮರಳಿತು. ಪೊಲೀಸ್ ಕಮಿಶನರರ ಕಚೇರಿ ಇರುವುದು ಇದೇ ಮಾರ್ಕೆಟ್ಟಿನ ಎದುರಿಗೆ. ಇಂದು ಟಾರ್ಚು ಬೇಕಾದವರು ಹೋಗುವ ಲೋಹಾರ್ ಚಾಳ್ ಅಲ್ಲಿಂದ ಕೂಗಳತೆಯ ದೂರ.

ಬೀದಿದೀಪ ಮುಗಿದಲ್ಲಿ ಕೈದೀಪ ಬೇಕು. ಲಂಡನ್ನಿನ ಪೊಲೀಸರು 19ನೆಯ ಶತಮಾನದಲ್ಲಿ 'ಗೂಳಿಗಣ್ಣು' ಎಂಬ ಅರ್ಥದ ಹೆಸರಿನ ಲಾಂದ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಒಳಗೆ ಎಣ್ಣೆಯ ಬತ್ತಿ, ಮುಂದೆ ಉಬ್ಬಿದ ದಪ್ಪ ಗಾಜು. ಬೆಳಕನ್ನು ಮರೆಮಾಡಲು ಒಳಗೇ ತಿರುಗುವ ತಗಡಿನ ಪರದೆ. ಕೈಸುಡುವ ಬಿಸಿ, ಎಣ್ಣೆಯ ಕಮಟು. ಚಳಿಯ ರಾತ್ರಿ ಮೈ ಕಾಯಿಸಿಕೊಳ್ಳಲು ಮಾತ್ರ ಅನುಕೂಲ. 1888ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮೈಟರ್ ಸ್ಕ್ವೇರಿನ ಕತ್ತಲ ಮೂಲೆಯಲ್ಲಿ ಕಾನ್‌ಸ್ಟೇಬಲ್ ಎಡ್ವರ್ಡ್ ವಾಟ್ಕಿನ್ಸ್ ಕೊಲೆಯಾದ ಹೆಂಗಸಿನ ದೇಹವನ್ನು ಕಂಡದ್ದು ಇಂಥ ಲಾಂದ್ರದ ಬೆಳಕಿನಲ್ಲಿ. 'ಜ್ಯಾಕ್ ದಿ ರಿಪ್ಪರ್' ಎಂದು ಜಗತ್ತು ಕರೆದ ಆ ಕೊಲೆಗಾರ ಸಿಗಲೇ ಇಲ್ಲ. ಹಾಗೆಂದು ಪೂರ್ಣ ತಪ್ಪು ಲಾಂದ್ರದ್ದೆನ್ನಲಾಗದು; ಆದರೆ ನಾಲ್ಕು ಮಾರು ದೂರ ಕಾಣುವ ದೀಪ ಹಿಡಿದವನಿಂದ ಎಷ್ಟು ನಿರೀಕ್ಷಿಸಬಹುದು? ನಮ್ಮ ಕಡೆ ಅದೇ ಕೆಲಸಕ್ಕೆ ಕಂದೀಲು. ಕರಾಡದ ಬಳಿಯ ಓಗಲೆವಾಡಿಯ 'ಪ್ರಭಾಕರ' ಕಂದೀಲನ್ನು ಬೆಳಗಾವಿ, ವಿಜಯಪುರದ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ.

ಟಾರ್ಚಿನ ಜನ್ಮಕಥೆಯಲ್ಲಿ ಪೊಲೀಸರ ಪಾತ್ರ ಇಷ್ಟು ದೊಡ್ಡದೆಂದು ನಮಗೆ ತಿಳಿದಿರಲಿಲ್ಲ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮಾಡಿದ ಕೋಶದಲ್ಲಿ ದ್ರವವಿತ್ತು. ಅದನ್ನು ಹಿಡಿದು ಓಡಲಾಗದು. 1886ರ ಸುಮಾರಿಗೆ ಜರ್ಮನಿಯ ಕಾರ್ಲ್ ಗ್ಯಾಸ್ನರ್ ಅದನ್ನು ಸತುವಿನ ಡಬ್ಬಿಯೊಳಗಿನ ಒಣ ಕೋಶವನ್ನಾಗಿ ಮಾಡಿದ. ನ್ಯೂಯಾರ್ಕಿನಲ್ಲಿ ಡೇವಿಡ್ ಮಿಸೆಲ್ ಎಂಬವನು ಇಂಥ ಕೋಶಗಳನ್ನು ಒಂದರ ಹಿಂದೊಂದು ಕೊಳವೆಯಲ್ಲಿ ಪೋಣಿಸಿ, ತುದಿಗೆ ಬಲ್ಬು, ಹಿತ್ತಾಳೆಯ ಪ್ರತಿಫಲಕ ಕೂರಿಸಿ 1899ರ ಜನವರಿಯಲ್ಲಿ ಪೇಟೆಂಟು ಪಡೆದ. ಅವನ ಧಣಿ ಕಾನ್ರಾಡ್ ಹ್ಯೂಬರ್ಟ್ ಜಾಣ ವ್ಯಾಪಾರಿ. ಒಂದಷ್ಟು ಟಾರ್ಚುಗಳನ್ನು ನ್ಯೂಯಾರ್ಕಿನ ಪೊಲೀಸರಿಗೆ ಪುಕ್ಕಟೆ ಹಂಚಿದ. ಅವರು ಮೆಚ್ಚಿ ಬರೆದುಕೊಟ್ಟ ಪತ್ರಗಳನ್ನು ಜಾಹೀರಾತಿನಲ್ಲಿ ಅಚ್ಚು ಹಾಕಿದ. ಪೊಲೀಸರಿಗಾಗಿ ಟಾರ್ಚುಗಳ ಮೌಲ್ಯಮಾಪನ ಎಂಬುದು ಹೀಗೆ ಆರಂಭವಾಯಿತೆನ್ನಬೇಕು. ಪುಕ್ಕಟೆ ಬಂದ ವಸ್ತುವಿಗೆ ಕೊಟ್ಟ ಪ್ರಶಸ್ತಿಪತ್ರವನ್ನು ನಮ್ಮ ಆಡಿಟರರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಆ ಟಾರ್ಚುಗಳ ಬಲ್ಬಿನ ತಂತಿ ಇಂಗಾಲದ್ದು, ಕೋಶಗಳು ದುರ್ಬಲ. ಹೆಚ್ಚು ಹೊತ್ತು ಉರಿಯದೆ ಮಿಂಚಿನಂತೆ ಮಿನುಗಿ ಆರಿಸಬೇಕಾಗುತ್ತಿದ್ದುದರಿಂದಲೇ ಅಮೆರಿಕದವರು ಅದನ್ನು 'ಫ್ಲ್ಯಾಶ್‌ಲೈಟ್' ಎಂದರು. ಇಂಗ್ಲಿಷರು ಹಳೆಯ ಪಂಜಿನ ಹೆಸರನ್ನೇ ಮುಂದುವರಿಸಿದರು. ನಮ್ಮ ಪಾಲಿಗೂ ಅದು ಟಾರ್ಚಾಯಿತು. ಹ್ಯೂಬರ್ಟನ 'ಎವರೆಡಿ' ಹೆಸರು 1905ರಿಂದ ಭಾರತದ ಪೇಟೆಗೂ ಬಂತು. 1939ರಲ್ಲಿ ಕಲ್ಕತ್ತೆಯಲ್ಲಿ ಕೋಶಗಳ ಕಾರ್ಖಾನೆ, 1958ರಲ್ಲಿ ಲಖನೌದಲ್ಲಿ ಟಾರ್ಚುಗಳ ಕಾರ್ಖಾನೆ. ಅದರ ಒಡೆತನ ಬಹುಕಾಲ ಯೂನಿಯನ್ ಕಾರ್ಬೈಡಿನದಾಗಿತ್ತು. 1984ರ ಭೋಪಾಲದಿಂದ ಕುಖ್ಯಾತವಾದ ಅದೇ ಕಂಪನಿ.

ಆ ಹಿತ್ತಾಳೆಯ ಟಾರ್ಚು ನಮ್ಮವರ ಬದುಕಿನಲ್ಲಿ ಎಷ್ಟು ಸೇರಿಕೊಂಡಿತ್ತೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಯಲ್ಲಿ ಕಲಿತ ಹುಡುಗರು ಎರಡು ವರ್ಷಕ್ಕೊಮ್ಮೆ ಕುಂದಾಪುರಕ್ಕೋ ಉಡುಪಿಗೋ ಹೊರಟಾಗ ಟ್ರಂಕಿನಲ್ಲಿ ಅಮ್ಮನಿಗೆ ಸೀರೆ, ಅಪ್ಪನಿಗೆ ಎರಡು ಸೆಲ್ಲಿನ ಟಾರ್ಚು. ಅದುವರೆಗೆ ಆಟ ನೋಡಿ ಬೆಳಗಿನ ಜಾವ ಗದ್ದೆಯ ಅಂಚಿನಲ್ಲಿ ಮರಳುವವರಿಗೆ ತೆಂಗಿನ ಗರಿಯ ಸೂಡಿಯೇ ಗತಿ. ಬೀಸಿದರೆ ಬೆಳಕು, ನಿಲ್ಲಿಸಿದರೆ ಕೆಂಡ. ನಮ್ಮ ತಂದೆಯವರು ಒಯ್ದ ಟಾರ್ಚನ್ನು ಅಜ್ಜ ದೇವರ ಕೋಣೆಯಲ್ಲಿಡುತ್ತಿದ್ದರಂತೆ.

ಈ ಸೆಲ್ಲಿನ ಸ್ವಭಾವವನ್ನು ನಮಗೆ ಕಲಿಸಿದ್ದು ಕಾಲೇಜಲ್ಲ, 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ಕುರ್ಲಾದಿಂದ ಸಯನ್ ಕಡೆಗೆ ನಡೆದು ಬರುತ್ತಿದ್ದ ನೂರಾರು ಜನರಲ್ಲಿ ನಾವೂ ಒಬ್ಬರು. ಬೀದಿದೀಪಗಳಿಲ್ಲ, ನೀರು ಸೊಂಟದವರೆಗೆ. ಒಂದೆಡೆ ಮುಚ್ಚಳ ಹಾರಿದ ಗಟಾರದ ಪಕ್ಕದಲ್ಲಿ ಪೊಲೀಸನೊಬ್ಬ ನಿಂತು, ನೀರು ಸುಳಿಯುವ ಜಾಗಕ್ಕೆ ಟಾರ್ಚು ಬಿಟ್ಟು "ಬಾಜೂಸೆ, ಬಾಜೂಸೆ" ಎಂದು ಕೂಗುತ್ತಿದ್ದ. ನಾವು ಸಮೀಪಿಸುವಾಗ ಬೆಳಕು ಹಳದಿಯಾಗಿತ್ತು. ದಾಟಿ ಹಿಂದಿರುಗಿ ನೋಡಿದಾಗ ಕೆಂಪಾಗಿತ್ತು. ಆಮೇಲೆ ದನಿ ಮಾತ್ರ ಕೇಳಿಸಿತು. ಆ ಮನುಷ್ಯ ಎಷ್ಟು ಹೊತ್ತು ಹಾಗೆ ನಿಂತನೋ.

ಟಾರ್ಚು ಕೆಂಪಾಗುವುದೇಕೆ? ಹೊಸ ಸೆಲ್ಲು 1.5 ವೋಲ್ಟು. ಉರಿದಂತೆಲ್ಲ ಅದು ಇಳಿಯುತ್ತದೆ. ತಂತಿಯ ಬಲ್ಬಿನ ಗುಣವೆಂದರೆ ವೋಲ್ಟೇಜು ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆರಿಸಿ ವಿಶ್ರಾಂತಿ ಕೊಟ್ಟರೆ ಸೆಲ್ಲು ಸ್ವಲ್ಪ ಚೇತರಿಸಿಕೊಳ್ಳುತ್ತದೆ. ನಮ್ಮ ನೆರೆಯ ನಿವೃತ್ತ ಹವಾಲ್ದಾರರೊಬ್ಬರು ಹಗಲಲ್ಲಿ ಸೆಲ್ಲುಗಳನ್ನು ಬಿಸಿಲಿಗಿಡುತ್ತಿದ್ದರು; ಗುಂಡಿ ತಪ್ಪಿ ಒತ್ತಿದರೂ ಖರ್ಚಾಗದಿರಲೆಂದು ಒಂದನ್ನು ತಿರುಗಿಸಿ ಹಾಕಿಡುತ್ತಿದ್ದರು. ಅವರ ಇನ್ನೊಂದು ಪಾಠ: ಟಾರ್ಚನ್ನು ಎಂದೂ ಎದೆಯ ಮುಂದೆ ಹಿಡಿಯಬಾರದು, ಕೈಚಾಚಿ ಪಕ್ಕಕ್ಕೆ ಹಿಡಿಯಬೇಕು. ಕತ್ತಲಲ್ಲಿ ಇರುವವನಿಗೆ ಕಾಣುವುದು ಬೆಳಕೊಂದೇ. ಕಲ್ಲೋ ಗುಂಡೋ ಬರುವುದು ಅದರ ಕಡೆಗೆ. ಅಮೆರಿಕದ ಎಫ್.ಬಿ.ಐ. ಹೆಸರಿನಲ್ಲಿ ಕಲಿಸುವ ಪದ್ಧತಿಯೂ ಇದೇ ಎಂದು ನಾವು ಹೇಳಿದಾಗ ಅವರಿಗೆ ವಿಶೇಷವೇನೂ ಅನ್ನಿಸಲಿಲ್ಲ.

ಅಮೆರಿಕದಲ್ಲಿ ಟಾರ್ಚು ಇನ್ನೊಂದು ದಾರಿ ಹಿಡಿಯಿತು. 1960ರ ದಶಕದ ಕೊನೆಗೆ ಅಲ್ಯೂಮಿನಿಯಂ ಕೊಳವೆಯ ಗಟ್ಟಿ ಟಾರ್ಚುಗಳು, 1979ರಲ್ಲಿ 'ಮ್ಯಾಗ್‌ಲೈಟ್' ಬಂದವು. ಐದಾರು ಸೆಲ್ಲಿನ ಉದ್ದನೆಯ ಟಾರ್ಚು ಕೈಯಲ್ಲಿದ್ದರೆ ಅದು ದೀಪವೂ ಹೌದು, ದೊಣ್ಣೆಯೂ ಹೌದು. 2004ರಲ್ಲಿ ಲಾಸ್ ಏಂಜಲೀಸಿನ ಪೊಲೀಸನೊಬ್ಬ ನೆಲಕ್ಕೆ ಬಿದ್ದವನನ್ನು ಟಾರ್ಚಿನಿಂದ ಹೊಡೆದದ್ದು ಟೆಲಿವಿಷನ್ನಿನಲ್ಲಿ ಕಾಣಿಸಿತು. ದೊಡ್ಡ ಗದ್ದಲವಾಗಿ 2007ರಲ್ಲಿ ಆ ಇಲಾಖೆ ಹೊಡೆಯಲು ಬಾರದಷ್ಟು ಸಣ್ಣ ಎಲ್.ಇ.ಡಿ. ಟಾರ್ಚನ್ನು ತಂದಿತು. ಇದು ನಮಗೆ ಸರಿಯೆನಿಸಿತು. ಲಾಠಿಯೆಂಬುದು ಬೇರೆ ಇರುವಾಗ ದೀಪ ದೀಪವಾಗಿಯೇ ಇರಲಿ.

ಅಷ್ಟು ಸಣ್ಣದಾಗಲು ಸಾಧ್ಯವಾದದ್ದು ಜಪಾನಿನವರ ದಯೆಯಿಂದ. 1993ರಲ್ಲಿ ನಿಚಿಯಾ ಕಂಪನಿಯ ಶೂಜಿ ನಾಕಾಮುರಾ ಪ್ರಖರ ನೀಲಿ ಎಲ್.ಇ.ಡಿ. ಮಾಡಿದರು, ಅದಕ್ಕೆ ಹಳದಿ ಲೇಪ ಕೊಟ್ಟಾಗ ಬಿಳಿ ಬೆಳಕು ಸಿಕ್ಕಿತು. 2014ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಅದರೊಡನೆ ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಲಿಥಿಯಂ ಸೆಲ್ಲು ಸೇರಿ ಈಗ ಅಂಗೈಯುದ್ದದ ಟಾರ್ಚು ಹಳೆಯ ಐದು ಸೆಲ್ಲಿನದನ್ನು ನಾಚಿಸುತ್ತದೆ.

ಸುಳ್ಳೂ ಜೊತೆಯಲ್ಲೇ ಬಂತು. ಫುಟ್‌ಪಾತಿನ ಪೆಟ್ಟಿಗೆಗಳ ಮೇಲೆ ಲಕ್ಷ ಲ್ಯೂಮೆನ್ ಎಂದು ಬರೆದಿರುತ್ತಾರೆ. ಲ್ಯೂಮೆನ್ ಎಂದರೆ ಒಟ್ಟು ಬೆಳಕು, ದೂರ ತಲುಪುವುದನ್ನು ಹೇಳುವುದು ಕ್ಯಾಂಡೆಲಾ. ಅಮೆರಿಕದಲ್ಲಿ 2009ರಲ್ಲಿ ಬಂದ ಮಾನಕದಂತೆ ಬೆಳಕು 0.25 ಲಕ್ಸಿಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿಗೆ, ಇಳಿಯುವ ದೂರವೇ ಟಾರ್ಚಿನ 'ದೂರ'. 200 ಮೀಟರ್ ಎಂದಿದ್ದರೆ ಅಲ್ಲಿ ಬೆಳದಿಂಗಳಷ್ಟೇ. ಮುಖ ಗುರುತಿಸಲು ಬೇಕಾದ ಬೆಳಕು ಅದರ ಕಾಲು ಭಾಗ ದೂರದಲ್ಲಿ ಸಿಕ್ಕೀತು, ಏಕೆಂದರೆ ಅಲ್ಲಿ ಬೆಳಕು ಹದಿನಾರು ಪಟ್ಟು. ಉರಿಯುವ ಕಾಲವನ್ನು ಬೆಳಕು ಹತ್ತರಲ್ಲಿ ಒಂದಕ್ಕೆ ಇಳಿಯುವವರೆಗೆ ಎಣಿಸುತ್ತಾರೆ. ಹಾಗಾಗಿ ಎಂಟು ಗಂಟೆ ಎಂದರೆ ಎಂಟೂ ಗಂಟೆ ಒಂದೇ ಬೆಳಕೆಂದು ತಿಳಿಯಬಾರದು. ಸೆಲ್ಲಿನದೂ ಹೀಗೆಯೇ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್ಲಿನಲ್ಲಿ 3,500 ಮಿಲಿಆಂಪಿಯರ್-ಗಂಟೆಯ ಆಸುಪಾಸಿಗಿಂತ ಹೆಚ್ಚು ಹಿಡಿಸುವುದು ಕಷ್ಟ. 9,900 ಎಂದು ಬರೆದಿರುವುದನ್ನು ಅಲ್ಲೇ ಬಿಟ್ಟು ಬರಬೇಕು.

ಇಷ್ಟು ತಿಳಿದ ಮೇಲೆ ಟೆರೇಸಿನ ಮೇಲೂ ಹಿಂದಿನ ಓಣಿಯಲ್ಲೂ ಪರೀಕ್ಷೆಗೆ ತೊಡಗಿದೆವು. ತಂದೆಯವರ ಹಿತ್ತಾಳೆಯದು, ಗಟಾರಕ್ಕೆ ಬಿದ್ದ ಅಗ್ಗದ ಪ್ಲಾಸ್ಟಿಕ್ಕಿನದು, ಹೊಸದಾಗಿ ಸಾವಿರದ ನೂರು ರೂಪಾಯಿಗೆ ತಂದ ಸಣ್ಣದು. ನಿಲ್ಲಿಸಿದ ಸ್ಕೂಟರಿನ ನಂಬರನ್ನು ಐವತ್ತು ಹೆಜ್ಜೆಯಿಂದ ಓದಬೇಕು. ಎದೆಯೆತ್ತರದಿಂದ ಬೀಳಿಸಬೇಕು. ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಬೇಕು. ಮುಖ್ಯವಾಗಿ ಕಾವಲುಗಾರ ಎಡಗೈಯಲ್ಲೇ, ಒದ್ದೆ ಬೆರಳಿನಲ್ಲೇ ಗುಂಡಿ ಒತ್ತಬೇಕು. ಬಲಗೈಗೆ ಇನ್ನೂ ಪ್ಲಾಸ್ಟರಿತ್ತು. ಪ್ಲಾಸ್ಟಿಕ್ಕಿನದು ನೀರಿನಲ್ಲಿಯೇ ಸೋತಿತು. ಬಿಚ್ಚಿ ನೋಡಿದರೆ ಸ್ಪ್ರಿಂಗಿಗೆ ತುಕ್ಕು. ಆ ರಾತ್ರಿ ಆದದ್ದು ಇಷ್ಟೇ. ಹಿತ್ತಾಳೆಯದು ಬಿದ್ದು ನೆಗ್ಗಿದರೂ ಉರಿಯಿತು, ಆದರೆ ನಂಬರು ಓದಲಾಗಲಿಲ್ಲ. ಸಣ್ಣದು ಎಲ್ಲವನ್ನೂ ದಾಟಿತು. ಒಂದೇ ದೋಷವೆಂದರೆ ಒಂದೇ ಗುಂಡಿಯಲ್ಲಿ ಐದು ಬಗೆಯ ಬೆಳಕು. ಅವಸರದಲ್ಲಿ ಒತ್ತಿದರೆ ಮಿಣುಕತೊಡಗುತ್ತದೆ. ಕಾವಲುಗಾರ ಮುಖ ಗಂಟಿಕ್ಕಿ "ಇದು ಗಣಪತಿ ಮಂಟಪಕ್ಕ ಛಲೋ" ಎಂದ. ಅದನ್ನು ಹಿಂದಿರುಗಿಸಿ ಎರಡೇ ಬಗೆಯ ಬೆಳಕಿನದನ್ನು ತಂದೆವು.

ಸರಕಾರದಲ್ಲಿ ಕಡಿಮೆ ದರದವನಿಗೇ ಟೆಂಡರು ಕೊಡುತ್ತಾರೆಂದು ಜನ ನಗುತ್ತಾರೆ. ನಿಯಮ ಅಷ್ಟು ದಡ್ಡತನದ್ದಲ್ಲ. ಮೊದಲು ವಸ್ತು ವಿವರಣೆಗೆ ತಕ್ಕಂತಿದೆಯೇ ಎಂದು ನೋಡಿ, ತಕ್ಕವುಗಳಲ್ಲಿ ಮಾತ್ರ ದರ ಹೋಲಿಸಬೇಕು. ಪೊಲೀಸರ ಸಾಮಗ್ರಿಗಳ ಬಗ್ಗೆ ಇಂಥ ವಿಚಾರ ಮಾಡಲೆಂದೇ 1970ರಲ್ಲಿ ದಿಲ್ಲಿಯಲ್ಲಿ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ಹುಟ್ಟಿತು. ಖರೀದಿಯ ಹಳೆಯ ಮಹಾನಿರ್ದೇಶನಾಲಯ 2017ರಲ್ಲಿ ಮುಚ್ಚಿ, 2016ರಲ್ಲಿ ಆರಂಭವಾದ 'ಜೆಮ್' ಎಂಬ ಕಂಪ್ಯೂಟರ್ ಪೇಟೆ ಅದರ ಜಾಗಕ್ಕೆ ಬಂದರೂ ವಿವರಣೆ ಬರೆಯುವ ಕೆಲಸ ಮನುಷ್ಯನದೇ. ನಮ್ಮ ಹಳೆಯ ಫೈಲು ತೆರೆದು ನೋಡಿದೆವು. ನಮ್ಮದೇ ಅಕ್ಷರದಲ್ಲಿ ವಿವರಣೆ ಹೀಗಿತ್ತು: "ಟಾರ್ಚು, ಒಳ್ಳೆಯ ದರ್ಜೆಯದು, 6 ನಗ." ಅದಕ್ಕೆ ತಕ್ಕದ್ದೇ ಸಿಕ್ಕಿತ್ತು.

ಈ ಸಲ ಆರರ ಬದಲು ಮೂರನ್ನೇ ಕೊಂಡಿದ್ದೇವೆ, ಪ್ರತಿಯೊಂದಕ್ಕೂ ಒಂದು ಹೆಚ್ಚಿನ ಸೆಲ್ಲು. ಸಭೆಯಲ್ಲಿ ಖರ್ಚಿನ ಬಗ್ಗೆ ಮಾತು ಬಂದಾಗ ಕಾವಲುಗಾರನ ಆಸ್ಪತ್ರೆಯ ಬಿಲ್ಲನ್ನು ತಖ್ತೆಯ ಕೊನೆಯ ಸಾಲಿನಲ್ಲಿ ಸೇರಿಸಿ ತೋರಿಸಿದೆವು. ಅಗ್ಗದ್ದರ ಮೊತ್ತವೇ ಹೆಚ್ಚಾಯಿತು. ಸೆಲ್ಲು ಚಾರ್ಜು ಮಾಡಿದ ದಿನಾಂಕ ಬರೆಯಲು ಒಂದು ರಿಜಿಸ್ಟರು ತೆರೆದಿದ್ದೇವೆ. ಕಾವಲುಗಾರ ಪ್ಲಾಸ್ಟರು ಬಿಚ್ಚಿಸಿಕೊಂಡು ಪಾಳಿಗೆ ಮರಳಿದ್ದಾನೆ. ಗಟಾರದ ಮುಚ್ಚಳಕ್ಕಾಗಿ ಬರೆದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.