ಆನಂದರಾವ ಕೌಂಡಿಣ್ಯ

ಕ್ರಿ. ಶ. 1844ನೆಯ ಇಸವಿ ಜನವರಿ 6ರಂದು ಮಂಗಳೂರಿನಲ್ಲಿ ಮೂವರು ಬ್ರಾಹ್ಮಣ ತರುಣರು ಬಾಸೆಲ್ ಮಿಶನ್ನಿನವರಿಂದ ದೀಕ್ಷಾಸ್ನಾನವನ್ನು ಹೊಂದಿದರು. ಅವರಲ್ಲೊಬ್ಬನಾದ ಸಾರಸ್ವತ ಕುಲದ ಆನಂದರಾವ ಕೌಂಡಿಣ್ಯನಿಗೆ ಆಗ ಹತ್ತೊಂಬತ್ತು ವರ್ಷ ತುಂಬಿರಲಿಲ್ಲ. ಆತನಿಗೆ ಗುರುವಾಗಿದ್ದವನು ಹೆರ್ಮನ್ ಮೋಗ್ಲಿಂಗ್ ಪಾದ್ರಿ. ಇದಕ್ಕೆ ಆರು ತಿಂಗಳ ಹಿಂದೆಯಷ್ಟೇ, 1843ರ ಜುಲೈ 1ರಂದು, ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ವೃತ್ತಪತ್ರಿಕೆಗಳಿಗೆ ನಾಂದಿ ಹಾಡಿದ ಮಹನೀಯನೇ ಈತನು. ಶಿಷ್ಯನೂ ಗುರುವಿನ ಹೆಸರನ್ನೇ ಧರಿಸಿ ಅಂದಿನಿಂದ ಹೆರ್ಮನ್ ಆನಂದರಾವ ಕೌಂಡಿಣ್ಯನೆನಿಸಿದನು.

ಊರಲ್ಲಿ ಎದ್ದ ಕೋಲಾಹಲವು ಅಲ್ಪವಾದುದಲ್ಲ. ಮಿಶನ್ನಿನ ಇಂಗ್ಲಿಷ್ ಶಾಲೆಯಿಂದ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಜನರ ಕೋಪಕ್ಕೆ ಕಾರಣವಿಲ್ಲದಿರಲಿಲ್ಲವೆಂಬುದನ್ನು ಒಪ್ಪಬೇಕು. ವಿದ್ಯೆಗೆಂದು ಕಳುಹಿದ ಮಗನು ಮನೆಗೇ ಎರವಾದರೆ ಯಾವ ತಾಯಿಯ ಹೊಟ್ಟೆ ಉರಿಯದು? ಆದರೆ ತರುಣನು ಕಳೆದುಕೊಂಡುದರ ಲೆಕ್ಕವೂ ದೊಡ್ಡದೇ. ಅಂದಿನ ಕಾಲದಲ್ಲಿ ಜಾತಿಭ್ರಷ್ಟನಿಗೆ ಸ್ವಂತ ಮನೆಯ ಹೊಸ್ತಿಲು ಪರಕೀಯವಾಗುತ್ತಿತ್ತು. ಬಂಧುಗಳ ಪಂಕ್ತಿ ಇಲ್ಲ, ಬಾವಿಯ ನೀರಿಲ್ಲ. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ಹೋಗಬಾರದೆಂಬ ಕಾಯಿದೆಯು ಕಂಪನಿ ಸರಕಾರದ ಸೀಮೆಗೆಲ್ಲ ಅನ್ವಯಿಸಿದ್ದು 1850ರಲ್ಲಿ, ಎಂದರೆ ಇದಾಗಿ ಆರು ವರ್ಷಗಳ ತರುವಾಯ. (ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗದಂತಹ ಸ್ಥಳಗಳಿಗೆ ಆ ಕಾಯಿದೆಯ ಕೈ ನೇರಾಗಿ ಚಾಚಿರಲಿಲ್ಲವೆಂಬುದನ್ನು ಈ ಭಾಗದ ವಾಚಕರು ಗಮನಿಸಬಹುದು.)

ಎಲ್ಲಕ್ಕೂ ಮಿಗಿಲಾದ ಪೆಟ್ಟು ಬೇರೊಂದಿತ್ತು. ಕೌಂಡಿಣ್ಯನಿಗೆ ಬಾಲ್ಯದ ರೂಢಿಯಂತೆ ವಿವಾಹವಾಗಿದ್ದಿತು. ಹೆಂಡತಿಯ ಹೆಸರು ಲಕ್ಷ್ಮೀ. ಆಕೆಯನ್ನು ಬಂಧುಗಳು ಗಂಡನ ಬಳಿಗೆ ಕಳುಹಿಸಲೊಪ್ಪಲಿಲ್ಲ. ಮತಾಂತರ ಹೊಂದಿದವನನ್ನು ಸತಿಯು ತೊರೆದರೆ ವಿವಾಹವನ್ನು ಬಿಡಿಸಿಕೊಳ್ಳುವ ಕಾಯಿದೆಯೂ ಆಗ ಇರಲಿಲ್ಲ. ಅದು ಹುಟ್ಟಿದುದು 1866ರಲ್ಲಿ. ಕೌಂಡಿಣ್ಯನು ವರ್ಷಗಟ್ಟಲೆ ಕಾದನು. ಆತನ ಸಹನೆಯನ್ನು ಕೊಂಡಾಡುವವರು ಬಹಳ ಮಂದಿ. ಗಂಡನು ಬದುಕಿರುವಾಗಲೇ ಗಂಡನಿಲ್ಲದವಳಂತಾದ ಆ ಹುಡುಗಿಯ ಪಾಡೂ ಅಷ್ಟೇ ಮರುಕಕ್ಕೆ ಪಾತ್ರವಾದುದು.

1846ರಲ್ಲಿ ಆತನು ಸಮುದ್ರವನ್ನು ದಾಟಿ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿ, ಐದು ವರ್ಷ ಓದಿ, 1851ರಲ್ಲಿ ಪಾದ್ರಿಯ ದೀಕ್ಷೆಯನ್ನು ಪಡೆದನು. ಯುರೋಪಿನಲ್ಲೇ ನಿಂತಿದ್ದರೆ ಜನರ ನಿಂದೆಯಿಂದ ದೂರವಿರಬಹುದಾಗಿತ್ತು. ಆದರೆ ಆತನು ಅದೇ ವರ್ಷ ತನ್ನನ್ನು ಹೊರಹಾಕಿದ ಮಂಗಳೂರಿಗೇ ಮರಳಿ, ಬಲ್ಮಠದ ಪಾಠಶಾಲೆಯಲ್ಲಿ ದೇಶೀಯ ಉಪದೇಶಕರನ್ನು ತರಬೇತುಗೊಳಿಸುವ ಕೆಲಸವನ್ನು ಕೈಕೊಂಡನು. 1860ರಲ್ಲಿ ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯು ಆತನ ಕೈಹಿಡಿದಳು. ಕರಿಯ ಬಿಳಿಯರ ನಡುವೆ ಇಂತಹ ಮದುವೆ ಅಂದು ಅತಿ ವಿರಳ.

ಈ ಮಧ್ಯೆ ಕೊಡಗಿನಲ್ಲಿ ಅಂತಹುದೇ ಕಥೆ ನಡೆದಿತ್ತು. ಆಲ್ಮಂಡದ ಸೋಮಯ್ಯನೆಂಬ ಕೊಡವನು ಮಂಗಳೂರಿಗೆ ಬಂದು 1853ರ ಆದಿಯಲ್ಲಿ ಕ್ರೈಸ್ತನಾದನು. ಸ್ವಜನರು ಆತನನ್ನು ಮನೆಯಿಂದ ಹೊರಗೆ ಹಾಕಿದರು. ಸ್ವದೇಶಕ್ಕೆ ಮರಳಬೇಕೆಂದಿದ್ದ ಮೋಗ್ಲಿಂಗನು ಆ ಎಣಿಕೆಯನ್ನು ಬಿಟ್ಟು ಸೋಮಯ್ಯನ ಜೊತೆಗೆ ಕೊಡಗಿಗೆ ಹೋಗಿ ನೆಲೆಸಿದನು. ಕ್ರಮೇಣ ಅಲ್ಲಿಯ ಹೊಲೆಯರಲ್ಲಿ ಕೆಲವರು ಈ ಮತವನ್ನು ಸೇರಿದರು. ಇವರು ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕೆ ದುಡಿದವರು. ಅಂಗೈಯಗಲ ಭೂಮಿಯಿಲ್ಲದವನಿಗೆ ಒಡೆಯನು ಮುನಿದರೆ ಅನ್ನವೂ ಇಲ್ಲ, ನೆಲೆಯೂ ಇಲ್ಲ. ಅಂತಹವನ ಮತಸ್ವಾತಂತ್ರ್ಯವು ಬರಿಯ ಮಾತಾಗುತ್ತದೆ. ತಾನೇ ಮನೆ ಕಳೆದುಕೊಂಡಿದ್ದ ಕೌಂಡಿಣ್ಯನಿಗೆ ಇದನ್ನು ಮತ್ತೊಬ್ಬರು ತಿಳಿಸಿಕೊಡಬೇಕಾಗಿರಲಿಲ್ಲ. ಆತನು ಸಿದ್ದಾಪುರದ ಸಮೀಪ ಕಾಡುಭೂಮಿಯನ್ನು ಕೊಂಡು, ಅಲ್ಲಿ ಅವರನ್ನು ನೆಲೆಗೊಳಿಸಲು ನೆರವಾದನು. ಜನಿವಾರವನ್ನು ಧರಿಸಿ ಹುಟ್ಟಿದೂರಿನಲ್ಲೇ ಇದ್ದಿದ್ದರೆ ಆತನು ಇವರ ನೆರಳನ್ನು ಸಹ ಸೋಂಕಿಸಿಕೊಳ್ಳುತ್ತಿರಲಿಲ್ಲ.

ಕೌಂಡಿಣ್ಯನು 1893ರಲ್ಲಿ ತೀರಿಕೊಂಡನು. ತಂದೆತಾಯಿಗಳಿಟ್ಟ ಆತನ ಹೆಸರಿನಿಂದ ಆ ನೆಲೆಗೆ ಆನಂದಪುರವೆಂದು ಹೆಸರಾಯಿತು. ಇಂದಿಗೂ ಅದು ಆನಂದಪುರವೇ.