ಐಸ್ ಹೌಸಿನ ನಿಬಂಧನೆಗಳು: ಮದರಾಸಿನ ಸ್ತ್ರೀ ವೃತ್ತಿಶಿಕ್ಷಣದ ಒಂದು ಅಧ್ಯಾಯ

ಅಮೆರಿಕೆಯಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಶೇಖರಿಸಿಡಲೆಂದು 1842ರಲ್ಲಿ ಮದರಾಸಿನ ಕಡಲದಡದಲ್ಲಿ ಎದ್ದ ಐಸ್ ಹೌಸ್, 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದ ಕಾರಣದಿಂದ ಪ್ರಸಿದ್ಧವಾಗಿದೆ. ಅದೇ ಕಟ್ಟಡವು 1917ರಿಂದ ಬ್ರಾಹ್ಮಣ ಬಾಲವಿಧವೆಯರ ವಸತಿಗೃಹವಾಗಿ, ಉಪಾಧ್ಯಾಯಿನಿಯರನ್ನು ಸಿದ್ಧಪಡಿಸುವ ಸ್ಥಳವಾಗಿ ಪರಿಣಮಿಸಿತೆಂಬುದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ಇಂಥ ಸಂಸ್ಥೆಗಳ ಚರಿತ್ರೆಯನ್ನು ಅವುಗಳ ಸ್ಥಾಪಕರ ಜೀವನಚರಿತ್ರೆಯಾಗಿ ಬರೆಯುವುದು ವಾಡಿಕೆ. ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾರನ್ನು ಕೂಡದು ಎಂಬ ನಿಬಂಧನೆಗಳನ್ನೇ ಹಿಡಿದು ಹೊರಟರೆ ಕಥೆ ಇನ್ನೂ ಸ್ಪಷ್ಟವಾಗಿ ಕಾಣುವುದೆಂದು ನನ್ನ ಅಭಿಪ್ರಾಯ.

ಸ್ಥಾಪಕಿ ಆರ್. ಎಸ್. ಸುಬ್ಬಲಕ್ಷ್ಮಿಯವರು, ಜನರ ಬಾಯಲ್ಲಿ ‘ಸಿಸ್ಟರ್ ಸುಬ್ಬಲಕ್ಷ್ಮಿ’, 1886ರಲ್ಲಿ ಜನಿಸಿ, ಬುದ್ಧಿ ಬಲಿಯುವ ಮುನ್ನವೇ ವೈಧವ್ಯಕ್ಕೆ ಗುರಿಯಾದರೂ ತಂದೆಯ ಒತ್ತಾಸೆಯಿಂದ ಓದು ಮುಂದುವರಿಸಿ, 1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪದವೀಧರೆಯಾದರು. ಮದರಾಸು ಪ್ರಾಂತದ ಹಿಂದೂ ವಿಧವೆಯರಲ್ಲಿ ಪದವಿ ಪಡೆದ ಮೊದಲಿಗರು ಅವರೇ. ತಾವೂ ಬಾಲವಿಧವೆಯೇ ಆಗಿದ್ದ ಚಿಕ್ಕಮ್ಮ ವಾಲಾಂಬಾಳರನ್ನು ಜೊತೆಗಿಟ್ಟುಕೊಂಡು, ಎಗ್ಮೋರಿನಲ್ಲಿ ಕೆಲವೇ ಹುಡುಗಿಯರೊಡನೆ ಅವರು ಹೂಡಿದ ಸಂಸಾರವೇ ಮುಂದಿನ ವಸತಿಗೃಹದ ಬೀಜ. ಸರ್ಕಾರ ಕೈನೀಡಿದುದು ಕೇವಲ ಕರುಣೆಯಿಂದಲ್ಲ. ದಕ್ಷಿಣ ಕನ್ನಡ, ಬಳ್ಳಾರಿಗಳನ್ನೂ ಒಳಗೊಂಡಿದ್ದ ಆ ವಿಶಾಲ ಪ್ರಾಂತದಲ್ಲಿ ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರು ದೊರೆಯುತ್ತಿರಲಿಲ್ಲ. ಸಂಸಾರದ ಕಟ್ಟಿಲ್ಲದ ವಿಧವೆಯರನ್ನು ತರಬೇತಿಗೊಳಿಸಿದರೆ ಆ ಕೊರತೆ ನೀಗುವುದೆಂಬ ಲೆಕ್ಕಾಚಾರವನ್ನು ಶಾಲಾ ತನಿಖಾಧಿಕಾರಿಣಿ ಕ್ರಿಸ್ಟಿನಾ ಲಿಂಚ್ ಅವರು ಸರ್ಕಾರಕ್ಕೆ ಮನಗಾಣಿಸಿದರು.

ಇನ್ನು ನಿಬಂಧನೆಗಳ ಮಾತು. ಪ್ರವೇಶ ಬ್ರಾಹ್ಮಣ ಬಾಲವಿಧವೆಯರಿಗೆ ಮಾತ್ರ. ಅಡುಗೆಮನೆಯಲ್ಲಿ ಮಡಿ ತಪ್ಪುವಂತಿಲ್ಲ. ಪುನರ್ವಿವಾಹದ ಪ್ರಚಾರಕ್ಕೆ ಅಲ್ಲಿ ಎಡೆಯಿಲ್ಲ. ರಾಜಮಹೇಂದ್ರಿಯಲ್ಲಿ 1881ರಲ್ಲೇ ವಿಧವಾವಿವಾಹ ಮಾಡಿಸಿದ ವೀರೇಶಲಿಂಗಂ ಪಂತುಲು ಅವರ ಹಾದಿಗೆ ಹೋಲಿಸಿದರೆ ಇದು ಪುಕ್ಕಲುತನವೆಂದೇ ತೋರೀತು. ಆದರೆ ಕನ್ನಡನಾಡಿನ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು, ಪುಣೆಗೆ ಸ್ಥಳಾಂತರಗೊಂಡ ಮೇಲೆ, ಮತಾಂತರದ ಗುಮಾನಿ ಹಬ್ಬಿದೊಡನೆ, 1893ರ ಹೊತ್ತಿಗೆ ಹಲವು ವಿದ್ಯಾರ್ಥಿನಿಯರನ್ನು ಕಳೆದುಕೊಂಡುದನ್ನು ಮರೆಯಲಾಗದು. ಮುಂಜಾನೆ ವಿಧವೆ ಎದುರಾದರೆ ಅಪಶಕುನವೆಂದು ಮುಖ ತಿರುಗಿಸುತ್ತಿದ್ದ ಸಮಾಜದಿಂದಲೇ ಹುಡುಗಿಯರನ್ನು ಕರೆತರಬೇಕಾಗಿದ್ದಾಗ, ಅಜ್ಜಿಯರು ಬಂದು ಅಡುಗೆಮನೆ ನೋಡಿ ಸಮಾಧಾನದಿಂದ ಹಿಂದಿರುಗುವಂತಿರಬೇಕಾದುದು ಅನಿವಾರ್ಯವೇ ಆಗಿತ್ತು. ಮಡಿಯನ್ನು ಒಪ್ಪಿ ಸುಬ್ಬಲಕ್ಷ್ಮಿಯವರು ಪಾಠವನ್ನು ಗಳಿಸಿಕೊಂಡರೆನ್ನಬಹುದು. ಬೆಲೆ ತೆತ್ತವರು ಮಾತ್ರ ಬೇರೆಯವರು.

1922ರಲ್ಲಿ ಲೇಡಿ ವಿಲ್ಲಿಂಗ್ಡನ್ ತರಬೇತಿ ಕಾಲೇಜು ಸ್ಥಾಪಿತವಾಗಿ ಸುಬ್ಬಲಕ್ಷ್ಮಿಯವರೇ ಅದರ ಮುಖ್ಯಸ್ಥೆಯಾದಾಗ ವೃತ್ತಿಶಿಕ್ಷಣವು ಸುಭದ್ರ ರೂಪವನ್ನು ತಾಳಿತು. ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಿಂದ ಹಿಡಿದು ಪದವೀಧರೆಯವರೆಗೆ ಅಲ್ಲಿ ತರಬೇತಿಯ ಹಂತಗಳಿದ್ದವು, ಬೋಧನೆಯನ್ನು ಮಾಡಿ ಕಲಿಯಲು ಜೊತೆಯಲ್ಲೇ ಅಭ್ಯಾಸಶಾಲೆಯಿತ್ತು. ಐಸ್ ಹೌಸಿನ ಸಮೀಪದ ಬೆಸ್ತರ ಕುಪ್ಪದ ಮಕ್ಕಳಿಗೂ ಅವರು ಶಾಲೆ ತೆರೆದರು. ಒಳಗಿನ ಅಡುಗೆಮನೆಗೆ ಬೇರೆ ಜಾತಿಯ ವಿಧವೆ ಕಾಲಿಡುವಂತಿರಲಿಲ್ಲ, ಹೊರಗೆ ಮೀನುಗಾರರ ಮಕ್ಕಳಿಗೆ ಪಾಠ: ಈ ವಿಚಿತ್ರ ಸಹವಾಸವೇ ಆ ಕಾಲದ ಸುಧಾರಣೆಯ ನಿಜಸ್ವರೂಪ.

ಹೊರಗುಳಿದವರ ಪಾಡೇನು? ವಯಸ್ಸು ಮೀರಿದ ವಿಧವೆಯರಿಗಾಗಿ 1920ರ ದಶಕದಲ್ಲಿ ಸುಬ್ಬಲಕ್ಷ್ಮಿಯವರೇ ಶಾರದಾ ವಿದ್ಯಾಲಯವನ್ನು ಕಟ್ಟಬೇಕಾಯಿತು. 1938ರಲ್ಲಿ ಅದು ರಾಮಕೃಷ್ಣ ಮಿಷನ್ನಿನ ಆಡಳಿತಕ್ಕೆ ಸೇರಿತು. ಜಾತಿಯ ನಿಬಂಧನೆಗೆ ಉತ್ತರ ಬಂದುದು ಬೇರೊಂದು ಕಡೆಯಿಂದ. ದೇವದಾಸಿ ಕುಲದ ಹುಡುಗಿಯರಿಗೆ ನಗರದ ವಸತಿಗೃಹಗಳಲ್ಲಿ ಸ್ಥಳ ದೊರೆಯದೆ ಹೋದಾಗ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ಮನೆಯಲ್ಲೇ ಅವರನ್ನಿರಿಸಿಕೊಂಡು, 1930ರಲ್ಲಿ ಔವೈ ಆಶ್ರಮವನ್ನು ಆರಂಭಿಸಿದರು. ಹಳೆಯ ಮನೆಯ ಬಾಗಿಲಲ್ಲಿ ತಡೆಯಲ್ಪಟ್ಟವರಿಗಾಗಿಯೇ ಹೊಸ ಮನೆ ಏಳುವ ಈ ಕ್ರಮವು, 1937ರಲ್ಲಿ ದುರ್ಗಾಬಾಯಿಯವರು ಮದರಾಸಿನಲ್ಲೇ ಸ್ಥಾಪಿಸಿದ ಆಂಧ್ರ ಮಹಿಳಾ ಸಭೆಯಲ್ಲಿಯೂ ಮುಂದುವರಿಯಿತು. ಶಾಲೆಯ ವಯಸ್ಸು ದಾಟಿದ ಹೆಂಗಸರನ್ನು ಅಲ್ಲಿ ಪರೀಕ್ಷೆಗೆ ಅಣಿಗೊಳಿಸಿದ ಅನುಭವವಿದ್ದ ಅವರು ಕೇಂದ್ರ ಸಮಾಜ ಕಲ್ಯಾಣ ಮಂಡಲಿಯ ಅಧ್ಯಕ್ಷೆಯಾಗಿದ್ದಾಗ, ನಡುವೆ ಓದು ಬಿಟ್ಟವರು ಎರಡೇ ವರ್ಷಗಳಲ್ಲಿ ಶಾಲೆ ಮುಗಿಸಿ ದಾದಿಯಾಗಿಯೋ ಗ್ರಾಮಸೇವಿಕೆಯಾಗಿಯೋ ಉಪಾಧ್ಯಾಯಿನಿಯಾಗಿಯೋ ತರಬೇತಿಗೆ ಸೇರಬಹುದಾದ ಸಂಕ್ಷಿಪ್ತ ಶಿಕ್ಷಣಕ್ರಮವು 1958ರಲ್ಲಿ ದೇಶಾದ್ಯಂತ ಜಾರಿಗೆ ಬಂತು.